ಹೌದು ಅಥವಾ ನಾಳೆ

ಜೂನ್ 1, ಶನಿವಾರ

ಈ ವಾರವೂ ಸುಳ್ಳು ಹೇಳಿ ಬಂದೆ.

ಹಳೇ ಸೆಮಾರಾಂಗಿನ ಅದೇ ಕಾಫಿ ಅಂಗಡಿ, ಅದೇ ಅಲುಗಾಡುವ ಬೆಂಚು. ಲಾನಿ ಎಂದಿನಂತೆ ಕರಿದ ಲುಂಪಿಯಾ ಸುರುಳಿಗಳ ತಟ್ಟೆಯನ್ನು ತನ್ನ ಕಡೆಗೇ ಎಳೆದುಕೊಂಡು ಕೂತಿದ್ದಳು. ಓದುಗರ ಗುಂಪು ಕಟ್ಟಿದವಳು ಅವಳೇ, ಯಜಮಾನಿಕೆಯೂ ಅವಳದೇ. ಸರದಿಯಂತೆ ಎಲ್ಲರಿಗೂ ಒಂದೇ ಪ್ರಶ್ನೆ: ಈಗ ಏನು ಓದ್ತಿದ್ದೀಯ? ತೆಗಾರ್‌ನದು ಡ್ರ್ಯಾಗನ್‌ಗಳು ಕೋರ್ಟಿಗೆ ಹೋಗುವ ಕಾದಂಬರಿಯಂತೆ. ಲಾನಿಯದು ಇರುವೆಗಳು ಬಾಹ್ಯಾಕಾಶ ನೌಕೆ ನಡೆಸುವ ಕಥೆ. ನನ್ನ ಸರದಿ ಬಂತು.

"ಸರಪಳಿ ನಗರ. ಐದನೇ ಸಂಪುಟ."

"ಮತ್ತೆ ಅದೇನಾ? ಹೋದ ವರ್ಷದಿಂದ ಅದನ್ನೇ ಹೇಳ್ತಿದ್ದೀಯಲ್ಲೇ! ಓದ್ತಿದ್ದೀಯಾ, ಬಾಯಿಪಾಠ ಮಾಡ್ತಿದ್ದೀಯಾ?" ಅಂದಳು ಲಾನಿ.

ಎಲ್ಲರೂ ನಕ್ಕರು. ಆಮೇಲೆ ಲಾನಿಗೆ ನೆನಪಾಯಿತು. ಮುಖ ಇಳಿಯಿತು. ಒಂದು ಲುಂಪಿಯಾ ನನ್ನ ಕಡೆ ದೂಡಿದಳು.

ಓದುತ್ತಿಲ್ಲ. ಏನನ್ನೂ. ನನ್ನ ಜೊತೆ ಇದನ್ನು ಓದುತ್ತಿದ್ದ ದಾನಾರ್ ತೀರಿಹೋದಾಗಿನಿಂದ ಒಂದು ಪುಟವೂ ಇಲ್ಲ. ಇಬ್ಬರ ಹತ್ತಿರವೂ ಒಂದೊಂದು ಪ್ರತಿ, ಒಪ್ಪಂದವೂ ಒಂದೇ: ಒಬ್ಬರು ಇನ್ನೊಬ್ಬರನ್ನು ದಾಟಿ ಹೋಗಬಾರದು. ಒಂದೇ ಪುಟದಲ್ಲಿ ನಿಂತು ಜಗಳ ಆಡಬೇಕು, ಆಮೇಲೆ ಮುಂದೆ. 312ರಲ್ಲಿ ನಿಂತೆವು. ಸರಪಳಿಗಳಲ್ಲಿ ತೂಗುವ ನಗರದ ತೀರಾ ಕೆಳಗಿನ ಕೋಣೆ, ಕಥಾನಾಯಕಿ ಓರ್ಸಾ ಬಾಗಿಲ ಮೇಲೆ ಕೈ ಇಟ್ಟಿದ್ದಾಳೆ. ಒಳಗೆ ಯಾರು? "ಅವಳಪ್ಪ," ಅಂದ ದಾನಾರ್. "ಸತ್ತವನು ಹೇಗೆ ಇರ್ತಾನೆ? ಖಾಲಿ ಕೋಣೆ," ಅಂದೆ ನಾನು. ಮಾರನೇ ದಿನ ಅವನಿಗೆ ಡೆಂಗಿ ಜ್ವರ. ಆ ವಾರವೇ...

ಆ್ಯಪ್‌ನಲ್ಲಿ ಎಲ್ಲರೂ ತಾವು ಓದಿದ ಪುಟ, ಟಿಪ್ಪಣಿ ಹಾಕುತ್ತೇವೆ; ಅಲ್ಲಿ ಈಗಲೂ ನಮ್ಮಿಬ್ಬರ ಹೆಸರು ಅಕ್ಕಪಕ್ಕ. ವೆನಿಂಗ್, 312. ದಾನಾರ್, 312.

ಜೂನ್ 3, ಸೋಮವಾರ

ನಾನು ಕೆಲಸ ಮಾಡುವ ಹಲ್ಲಿನ ಲ್ಯಾಬ್‌ನಲ್ಲಿ ಕೆಳದವಡೆಯ ಕಟ್ಟುಹಲ್ಲಿನ ಸೆಟ್ಟು, ಯಾರೋ ಅಜ್ಜಿಯದು. ಮೇಣ ಆರಲಿ ಅಂತ ಸುಮ್ಮನೆ ಫೋನ್ ತೆಗೆದೆ.

ದಾನಾರ್, ಪುಟ 9.

ಒಂಬತ್ತು?! ಹಿಂದಕ್ಕೆ ಹೇಗೆ ಹೋಗುತ್ತದೆ? ಆ್ಯಪ್ ಕೆಟ್ಟಿರಬೇಕು. ನನ್ನದು ನೋಡಿದೆ — 312, ಸರಿಯಾಗಿಯೇ ಇದೆ.

ಅಜ್ಜಿಯ ಹಲ್ಲು ಸೊಟ್ಟಗಾಯಿತು. ಮೊದಲಿನಿಂದ ಮಾಡಬೇಕು.

ಜೂನ್ 4, ಮಂಗಳವಾರ

ಫೋನ್ ಆರಿಸಿ ಹಚ್ಚಿದೆ. ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಬೆಳಿಗ್ಗೆ 11 ಇತ್ತು. ಈಗ 14.

ಯಾರೋ ಓದುತ್ತಿದ್ದಾರೆ. ನಿಧಾನವಾಗಿ. ದಾನಾರ್ ಎಂದೂ ಇಷ್ಟು ನಿಧಾನ ಅಲ್ಲ, ಅವನು ಗಬಗಬ ತಿನ್ನುವವನ ಹಾಗೆ ಓದುತ್ತಿದ್ದ.

ಅಯ್ಯೋ, ಏನು ಬರೆಯುತ್ತಿದ್ದೇನೆ! ದಾನಾರ್ ಹೇಗೆ ಓದುತ್ತಾನೆ ಈಗ. ಮಣ್ಣು ಹಾಕಿ ಬಂದವರಲ್ಲಿ ನಾನೂ ಇದ್ದೆನಲ್ಲ.

ಜೂನ್ 6, ಗುರುವಾರ

22ನೇ ಪುಟದ ಕೆಳಗೆ ಟಿಪ್ಪಣಿ! ದಾನಾರ್‌ನ ಹೆಸರಿನಲ್ಲಿ.

"ಈ ಹುಡುಗಿ ಬೆಳಿಗ್ಗೆಯಿಂದ ಸರಪಳಿ ಹತ್ತುತ್ತಿದ್ದಾಳೆ. ಊಟ ಯಾವಾಗ ಮಾಡುತ್ತಾಳೆ?"

ಜೋರಾಗಿ ನಕ್ಕುಬಿಟ್ಟೆ. ಲ್ಯಾಬ್‌ನಲ್ಲಿ ಎಲ್ಲರೂ ತಿರುಗಿ ನೋಡಿದರು. ನಿಜ ತಾನೆ? ಐದು ಸಂಪುಟ ಆಯಿತು, ಓರ್ಸಾ ಒಂದು ತುತ್ತು ತಿಂದದ್ದು ನೆನಪಿಲ್ಲ. ನಮಗೆ ಯಾಕೆ ಹೊಳೆಯಲಿಲ್ಲ?

ಆಮೇಲೆ ಅದನ್ನೇ ಮತ್ತೆ ಓದಿದೆ. ಯಾರಿದು? ಕಳ್ಳನಾ? ಕಳ್ಳನಾದರೆ ಊಟದ ಚಿಂತೆ ಯಾಕೆ? ಗುಂಪಿನವರ ತಮಾಷೆಯಾ? ತೆಗಾರ್ ಇಂಥದ್ದು ಮಾಡಬಲ್ಲ, ಆದರೆ ಈ ವಿಷಯದಲ್ಲಿ ಮಾಡಲಾರ. ಏನೂ ತಿಳಿಯುತ್ತಿಲ್ಲ.

ಜೂನ್ 8, ಶನಿವಾರ

ಲಾನಿಯೂ ನೋಡಿದ್ದಾಳೆ. ಕೆಂಡವಾಗಿದ್ದಳು.

"ಯಾರೋ ಹ್ಯಾಕ್ ಮಾಡಿದ್ದಾರೆ. ಸತ್ತವರ ಅಕೌಂಟು ಹುಡುಕೋ ಹದ್ದುಗಳು. ಇವತ್ತೇ ರಿಪೋರ್ಟ್ ಮಾಡ್ತೀನಿ, ಮುಚ್ಚಿಬಿಡ್ತಾರೆ."

"ಮುಚ್ಚಿದ್ರೆ ಅವನ ಟಿಪ್ಪಣಿಗಳು?"

"ಹೋಗ್ತವೆ."

ಐದು ಸಂಪುಟಗಳ ಉದ್ದಕ್ಕೂ ಅವನು ಆ್ಯಪ್‌ನಲ್ಲಿ ಬರೆದದ್ದು. ಪುಟಪುಟಕ್ಕೂ ನನ್ನನ್ನು ರೇಗಿಸಿದ್ದು. "ವೆನಿಂಗ್, ಇಲ್ಲಿ ಅಳಬೇಡ, ಮುಂದೆ ಇನ್ನೂ ಇದೆ." ಅವನದು ಅಂತ ನನ್ನ ಹತ್ತಿರ ಬೇರೆ ಏನೂ ಇಲ್ಲ. ಇಬ್ಬರೂ ಒಟ್ಟಿಗೆ ಒಂದು ಫೋಟೋ ಕೂಡ ತೆಗೆಸಿಕೊಂಡಿಲ್ಲ.

"ಒಂದು ವಾರ ಕೊಡು. ನಾನು ಕಂಡುಹಿಡೀತೀನಿ."

"ಹೇಗೆ?"

"ಗೊತ್ತಿಲ್ಲ."

"ಅವನ ಮನೇಲಿ ಕೇಳಿದ್ಯಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವನು ತೀರಿದ ನಲವತ್ತನೇ ದಿನದ ಪ್ರಾರ್ಥನೆಗೆ ಹೋದದ್ದೇ ಕೊನೆ. ಅಲ್ಲಿ ಹೆಂಗಸರು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಬೆನ್ನು ಸವರಿದರು, ಮದುವೆ ಗೊತ್ತಾಗಿದ್ದವಳ ಹಾಗೆ. ನಾವು ಹಾಗೆ ಇರಲಿಲ್ಲ ಅನ್ನೋಣ ಅಂದರೆ ನಾಲಿಗೆ ಏಳಲಿಲ್ಲ. ಇದ್ದೆವು ಅನ್ನೋಣ ಅಂದರೆ ಅವನು ಏನೂ ಹೇಳಿರಲಿಲ್ಲ. ಏನಾಗಿದ್ದೆವು? ಒಂದೇ ಪುಟದಲ್ಲಿದ್ದೆವು, ಅಷ್ಟೇ ಗೊತ್ತು. ನೂರನೇ ದಿನಕ್ಕೆ ಜ್ವರ ಅಂತ ಹೇಳಿ ಮನೆಯಲ್ಲೇ ಉಳಿದೆ.

ಲಾನಿ ಬೆರಳೆತ್ತಿದಳು. "ಮುಂದಿನ ಶನಿವಾರದವರೆಗೆ. ಆಮೇಲೆ ನನ್ನನ್ನ ಬೈಬೇಡ."

ಜೂನ್ 12, ಬುಧವಾರ

ಟಿಪ್ಪಣಿಗಳು ಹೆಚ್ಚುತ್ತಿವೆ.

ಪುಟ 41: "ಇಷ್ಟು ದೊಡ್ಡ ಸರಪಳಿಗೆ ಎಣ್ಣೆ ಯಾರು ಹಾಕುತ್ತಾರೆ? ಉಪ್ಪುಗಾಳಿಗೆ ಕಬ್ಬಿಣ ಎರಡು ವರ್ಷ ಬರುವುದಿಲ್ಲ."

ಪುಟ 58: "ಹುಡುಗಿಯ ಅಪ್ಪ ಸತ್ತ ಎನ್ನುತ್ತಾರೆ. ಆದರೆ ಯಾರೂ ನೋಡಲಿಲ್ಲವಲ್ಲ."

ಇದನ್ನು ದಾನಾರ್ ಕೂಡ ಹೇಳಿದ್ದ. ಇದೇ ಮಾತು. ಕೆಳಗೆ ಬರೆದೆ: "ಯಾರು ನೀವು?"

ಉತ್ತರವಿಲ್ಲ. ಪುಟ 61.

ಜೂನ್ 14, ಶುಕ್ರವಾರ, ಸಂಜೆ

ಹೋಗಿ ಬಂದೆ. ದಾನಾರ್‌ನ ಮನೆಗೆ... ಇಲ್ಲ, ಮೊದಲಿನಿಂದ ಬರೆಯಬೇಕು, ತಲೆ ಕಲಸಿದ ಮೊಸರಾಗಿದೆ.

ಉಬ್ಬರದ ನೀರು ಓಣಿಗೆ ಬಂದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅವರ ಮನೆಯ ನೆಲ ಮತ್ತೆ ಎತ್ತರಿಸಿದ್ದಾರೆ, ಬಾಗಿಲು ಇನ್ನೂ ಗಿಡ್ಡವಾಗಿದೆ. ಗೊತ್ತಿದ್ದೂ ಹಣೆ ಹೊಡೆದುಕೊಂಡೆ.

"ಬಗ್ಗಬೇಕು ನೋಕ್, ಬಗ್ಗಬೇಕು! ನನ್ನ ಮಗನೂ ದಿನಾ ಹೊಡ್ಕೊಳ್ತಿದ್ದ," ಅಂತ ಒಳಗಿನಿಂದ ಕೂಗಿದರು. ದಾನಾರ್‌ನ ಅಪ್ಪ, ಕರ್ಸಿದಿ; ಹಿರಿಯರಾದ್ದರಿಂದ ನಮಗೆಲ್ಲ ಬಾಪಕ್. ಈ ಕಡೆಯ ಹುಡುಗಿಯರೆಲ್ಲ ಅವರಿಗೆ ನೋಕ್. ಬಂಡೆಂಗ್ ಮೀನನ್ನು ಮುಳ್ಳು ಕರಗುವ ತನಕ ಬೇಯಿಸುವುದು ಅವರ ಕಸುಬು. ಕುಕ್ಕರಿನ ಹಬೆಯಲ್ಲಿ ಮುಖವೇ ಕಾಣುತ್ತಿರಲಿಲ್ಲ. ಅಕ್ಕಿ ಡಬ್ಬದ ಮೇಲೆ, ನೀರು ತಾಗದ ಎತ್ತರದಲ್ಲಿ, ಸರಪಳಿ ನಗರ. ದಾನಾರ್‌ನ ಪ್ರತಿ. ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿದ ಅವನ ಫೋನು.

ಅಲ್ಲೇ ಕೂತುಬಿಟ್ಟೆ.

"ಬಾಪಕ್... ಓದ್ತಿರೋದು ನೀವಾ?"

"ಮತ್ತಿನ್ನೇನು ಮಾಡ್ಲಿ? ನೀನು ಬಿಟ್ಟಿದ್ಯಾ ನನ್ನ? ದಿನಾ ಸಂಜೆ ಕೇಳ್ತಿದ್ದೆಯಲ್ಲ."

"ನಾನಾ? ಏನು ಕೇಳ್ತಿದ್ದೆ?"

ಕೈ ಒರೆಸಿಕೊಂಡು ಫೋನ್ ತಂದು ತೋರಿಸಿದರು. ಆ್ಯಪ್ ತಾನಾಗಿಯೇ ಕಳಿಸುವ ನೆನಪೋಲೆ. ಎಲ್ಲರಿಗೂ ಬರುತ್ತದೆ, ಯಾರೂ ನೋಡುವುದಿಲ್ಲ. *ದಾನಾರ್, ನೀವು 312ನೇ ಪುಟದಲ್ಲಿದ್ದೀರಿ. ಇವತ್ತು ಓದೋಣವೇ?* ಕೆಳಗೆ ಎರಡು ಗುಂಡಿ. *ಹೌದು. ನಾಳೆ.*

"ಅವನು ಇಲ್ಲ ಅಂತ ಹೇಳೋಣ ಅಂದ್ರೆ ಅದಕ್ಕೆ ಗುಂಡಿನೇ ಇಲ್ಲ ನೋಕ್. ಹೌದು ಅನ್ಬೇಕು, ಇಲ್ಲಾ ನಾಳೆ ಅನ್ಬೇಕು. ದಿನಾ ನಾಳೆ ಒತ್ತಿದೆ. ಎಷ್ಟು ದಿನ ಅಂತ? ನಾಚಿಕೆ ಆಯ್ತು. ಪಾಪ, ಅವನ ಜೊತೆ ಓದ್ತಿದ್ದ ಹುಡುಗಿ ಬಿಡದೆ ಕೇಳ್ತಾ ಇದೆ, ನಾವು ಹೀಗೆ ಆಟ ಆಡಿಸ್ತಾ ಇದ್ದೀವಲ್ಲ ಅನ್ನಿಸ್ತು. ಒಂದು ದಿನ ಹೌದು ಅಂತ ಒತ್ತಿಬಿಟ್ಟೆ. ಒತ್ತಿದ ಮೇಲೆ ಓದಬೇಕಲ್ಲ?"

"ಪ್ರಶ್ನೆ ಕೇಳಿದ್ದೆನಲ್ಲ, ಯಾರು ನೀವು ಅಂತ? ಉತ್ತರ ಕೊಡ್ಲಿಲ್ಲ."

"ಓದುವಾಗ ಮಾತಾಡಬಾರದು ಅಂತ ಅವನು ನನಗೆ ಬೈತಿದ್ದ," ಅಂದರು. ಗಂಭೀರವಾಗಿಯೇ.

ಅದು ಮೆಷಿನ್ ಬಾಪಕ್, ನಾನಲ್ಲ. ನಾಲಿಗೆ ತುದಿಗೆ ಬಂದಿತ್ತು. ಅವರು ಫೋನನ್ನು ಮತ್ತೆ ಚೀಲಕ್ಕೆ ಹಾಕಿ ಅದರ ಬಾಯಿಗೆ ದಾರ ಕಟ್ಟುತ್ತಿದ್ದರು, ಜೋಪಾನವಾಗಿ.

"ಹೌದು, ನಾನೇ," ಅಂದೆ.

ಹೊರಡುವ ಮುಂಚೆ, ಚಾರ್ಜ್ ನೋಡ್ತೀನಿ ಅಂತ ನೆಪ ಹೇಳಿ, ಆ ನೆನಪೋಲೆ ಇನ್ನು ಬರದಂತೆ ನಿಲ್ಲಿಸಿದೆ. ಯಾಕೆ ಹಾಗೆ ಮಾಡಿದೆ? ಈಗ ನಿಜವಾಗಿಯೂ ನಾನೇ ಕೇಳಬೇಕಲ್ಲ. ಅವರು ಕಟ್ಟಿಕೊಟ್ಟ ಮೀನು ಮೇಜಿನ ಮೇಲಿದೆ, ಮನೆಯೆಲ್ಲ ಅರಿಸಿನದ ವಾಸನೆ. ಒಳ್ಳೆಯದು ಮಾಡಿದೆನೋ, ಮೋಸ ಮಾಡಿದೆನೋ ತಿಳಿಯದು.

ಜೂನ್ 15, ಶನಿವಾರ

ಲಾನಿಗೆ ಎಲ್ಲ ಹೇಳಿದೆ. ಜನ್ಮದಲ್ಲಿ ಮೊದಲ ಬಾರಿ ಅವಳು ಲುಂಪಿಯಾ ತಟ್ಟೆಯನ್ನೇ ನನ್ನ ಕಡೆ ದೂಡಿದಳು.

"ರಿಪೋರ್ಟ್ ಮಾಡಲ್ಲ," ಅಂದಳು ಕೊನೆಗೆ. "ಮೆಷಿನ್ ಅಂತ ಅವರಿಗೆ ಹೇಳಿದ್ಯಾ?"

"ಇಲ್ಲ."

"ಹೇಳಬೇಕು. ...ಬೇಡ, ಹೇಳ್ಬೇಡ. ಅಯ್ಯೋ, ನನ್ನ ಯಾಕೆ ಕೇಳ್ತೀಯ!"

ನಾನು ಕೇಳಿರಲಿಲ್ಲ. ಇವತ್ತು ಸರದಿಯಲ್ಲಿ ಅವಳು ಏನು ಓದ್ತಿದ್ದೀಯ ಅಂತ ಕೇಳದೆ ನನ್ನನ್ನು ಬಿಟ್ಟು ಮುಂದಿನವರಿಗೆ ಹೋದಳು.

ಜುಲೈ 9, ಮಂಗಳವಾರ

ದಿನಾ ಮೆಸೇಜ್ ಹಾಕಿ ಕೇಳುತ್ತಿದ್ದೇನೆ. ಊಟ ಆಯ್ತಾ ಬಾಪಕ್? ಎಷ್ಟನೇ ಪುಟ? ಇವತ್ತು ಓದೋಣವೇ? ಉತ್ತರ ಬರುತ್ತದೆ: ಆಯ್ತು. 170. ಹೌದು. ಜೊತೆಗೆ ಒಂದು ದೂರು ಇದ್ದೇ ಇರುತ್ತದೆ. ಖಳನಾಯಕನಿಗೆ ಮನೆ ಇಲ್ಲವೇ? ಎರಡು ಚಂದ್ರ ಇದ್ದರೆ ಉಬ್ಬರ ಎಷ್ಟು ಸಲ? ಈ ಲೇಖಕನನ್ನು ನಮ್ಮ ಓಣಿಯಲ್ಲಿ ಒಂದು ತಿಂಗಳು ಇರಿಸಬೇಕು.

ನಿನ್ನೆ ಲ್ಯಾಬ್‌ನಲ್ಲಿ ಕೆಲಸ ಜಾಸ್ತಿ, ಮರೆತೆ. ಬೆಳಿಗ್ಗೆ ನೋಡಿದರೆ ಪುಟ ಕದಲಿಲ್ಲ. "ಯಾಕೆ ಓದಲಿಲ್ಲ?" ಅಂದೆ.

"ನೀನು ಕೇಳಲಿಲ್ಲ."

ಆಗಸ್ಟ್ 2, ಶುಕ್ರವಾರ

290.

ಹೆದರಿಕೆ ಆಗುತ್ತಿದೆ. 312 ಬಂದರೆ? ಅವರು ದಾಟಿ ಹೋದರೆ ಬಾಗಿಲ ಹಿಂದೆ ಏನಿದೆ ಅಂತ ಬರೆದುಬಿಡುತ್ತಾರೆ, ನನ್ನ ಕಣ್ಣಿಗೆ ಬೀಳುತ್ತದೆ. ದಾಟದಿದ್ದರೆ? ಅಲ್ಲಿಗೆ ಮುಗಿಯಿತು. ಆಮೇಲೆ ನಾನು ದಿನಾ ಏನು ಕೇಳಲಿ, ಯಾವ ನೆಪದಲ್ಲಿ?

ಯಾವುದು ಬೇಕು ನನಗೆ? ಎರಡೂ ಬೇಡ.

ಆಗಸ್ಟ್ 7, ಬುಧವಾರ

312.

"ಇವತ್ತು ಓದೋಣವೇ?" ಅಂತ ಕೇಳಿದೆ.

"ನಾಳೆ."

ಆಗಸ್ಟ್ 8

"ನಾಳೆ."

ಆಗಸ್ಟ್ 9

"ನಾಳೆ." ಆಮೇಲೆ ಇನ್ನೊಂದು ಬಂತು. "ಇಲ್ಲಿ ಅವನು ಪುಟದ ಗುರುತಿಗೆ ಇಟ್ಟ ಕಾಗದ ಇದೆ ನೋಕ್. ಬಸ್ ಟಿಕೆಟ್ಟು. ಇದನ್ನು ತೆಗೆದು ಮುಂದೆ ಇಟ್ಟರೆ ಅವನನ್ನು ಇಲ್ಲೇ ಬಿಟ್ಟು ಹೋದ ಹಾಗೆ ಅಲ್ಲವಾ?"

ನಾನು ಇಷ್ಟು ತಿಂಗಳು ಯಾರಿಗೂ ಹೇಳಲಾರದೆ ಇದ್ದದ್ದು ಇದೇ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಆಗಸ್ಟ್ 11, ಭಾನುವಾರ, ಸಂಜೆ

ನಿನ್ನೆಯೂ ಇವತ್ತೂ ನಾನು ಕೇಳಲಿಲ್ಲ. ಏನಂತ ಕೇಳುವುದು?

ಈಗ ತಾನೇ ಫೋನ್ ಸದ್ದಾಯಿತು. ಅವರೇ.

"ವೆನಿಂಗ್, ಊಟ ಆಯ್ತಾ? ನೀನು 312ನೇ ಪುಟದಲ್ಲಿದ್ದೀಯ. ಇವತ್ತು ಓದೋಣವೇ?"

ಎಷ್ಟು ಸಲ ಓದಿದೆನೋ. ನನ್ನ ಪುಟ ಅವರಿಗೆ ಕಾಣುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ದಡ್ಡಿ. ಮೊದಲ ದಿನದಿಂದಲೂ ನೋಡುತ್ತಿದ್ದರಾ?

ನಾನು ಉತ್ತರಿಸುವಷ್ಟರಲ್ಲಿ ಇನ್ನೊಂದು ಬಂತು. "ಮೊದಲು ಕೇಳುತ್ತಿದ್ದದ್ದು ನೀನಲ್ಲ ಅಂತ ನೀನು ಕೇಳಲು ಶುರುಮಾಡಿದಾಗಲೇ ಗೊತ್ತಾಯಿತು. ಅದು ಒಂದು ದಿನವೂ ಊಟ ಆಯ್ತಾ ಅಂತ ಕೇಳಲಿಲ್ಲ."

ನಗು ಬರುತ್ತಿದೆ, ಕಣ್ಣು ಉರಿಯುತ್ತಿದೆ, ಏನಾಗುತ್ತಿದೆಯೋ ಗೊತ್ತಿಲ್ಲ. ನಾಳೆ ಅಂತ ಬರೆದೆ. ಅಳಿಸಿದೆ. ಮತ್ತೆ ನಾಳೆ. ಅಳಿಸಿದೆ.

ಹೌದು.

ಕಳಿಸಿದೆ. ತಕ್ಷಣ ಕರೆ ಬಂತು. ಫೋನು ಮೇಜಿನ ಮೇಲಿದೆ, ಸ್ಪೀಕರಿನಲ್ಲಿ ಕುಕ್ಕರಿನ ಸದ್ದು, ಕನ್ನಡಕ ಹುಡುಕುವ ಸದ್ದು. "ಟಿಕೆಟ್ಟನ್ನ ನಮ್ಮ ಜೊತೆಗೇ ಕರ್ಕೊಂಡು ಹೋಗೋಣ," ಅನ್ನುತ್ತಿದ್ದಾರೆ. "ಪುಟಪುಟಕ್ಕೂ ಮುಂದಕ್ಕೆ ಇಡ್ತೀನಿ. ತಗೊಂಡ್ಯಾ ನೋಕ್ ನಿನ್ನ ಪುಸ್ತಕ?" ತಗೊಂಡೆ. ಧೂಳು ಕೂತಿದೆ. "ನಾನು ಜೋರಾಗಿ ಓದ್ತೀನಿ, ನೀನು ಕಣ್ಣಲ್ಲಿ ಬಾ. ದಾಟಿ ಹೋಗಬೇಡ." ಇಲ್ಲ ಬಾಪಕ್, ಹೋಗಲ್ಲ. ಪುಟ ತಿರುಗಿತು, ಅಲ್ಲೂ ಇಲ್ಲೂ. ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಓದತೊಡಗಿದರು: "ಓರ್ಸಾ ಬಾಗಿಲು ತಳ್ಳಿ ಒಳಗೆ..."