ಖೋ ಕಲಿಸಿದವನೇ ಕೂರಿಸಿದ ದಿನ

ಅಪ್ಪಾ,

ಕ್ಷೇಮವೇ ಅಂತ ಕೇಳಿ ಶುರು ಮಾಡುವ ಮನಸ್ಸು ಇವತ್ತು ನನಗಿಲ್ಲ. ನೀನು ಹೋಗಿ ಎರಡು ವರ್ಷವಾಯಿತು, ಎಲ್ಲಿದ್ದರೂ ಚೆನ್ನಾಗಿಯೇ ಇರುತ್ತೀಯ. ಬದುಕಿದ್ದಾಗಲೇ ಯಾವ ಚಿಂತೆಯೂ ನಿನ್ನನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕಾಡಿದ್ದನ್ನು ನಾನು ಕಾಣೆ. ನಾನು ಬರೆಯುತ್ತಿರುವುದು ಜಗಳ ಆಡುವುದಕ್ಕೆ. ನನಗೆ ಹದಿನಾರು ವರ್ಷವಿದ್ದಾಗ ಆಡಬೇಕಿದ್ದ ಜಗಳ. ಆಗ ಬಾಯಿ ಬರಲಿಲ್ಲ. ಈಗ ನಲವತ್ತೆರಡು, ಬಾಯಿ ಬಂದಿದೆ. ಕೇಳಿಸಿಕೋ.

ನಿನ್ನ ವರ್ಷದ ತಿಥಿಯ ದಿನವೇ ಈ ಸಿಟ್ಟು ನೆತ್ತಿಗೇರಿತ್ತು. ಎಲೆಯ ಮುಂದೆ ಕೂತವರೆಲ್ಲ ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ನಮಗೆ ಖೋ ಖೋ ಆಡಿಸುತ್ತಿದ್ದ ಪಿ.ಟಿ. ಮೇಷ್ಟ್ರು ಬಂದಿದ್ದರು, ಪಾಪ, ಈಗ ಕಣ್ಣು ಸರಿಯಾಗಿ ಕಾಣಿಸುವುದಿಲ್ಲ. "ಈ ಊರಲ್ಲಿ ಹೆಣ್ಣುಮಗೂನ ಆಟಕ್ಕೆ ಬಿಟ್ಟ ಮೊದಲನೇ ಗಂಡಸು ನಿಮ್ಮಪ್ಪ ಕಣಮ್ಮ ಸುನಂದ. ಬಂದ ಅವಕಾಶ ಬಿಡಬಾರ್ದು ಅಂತ ನಿಂಗೆ ಕಲ್ಸಿದ್ದೇ ಅವ್ರು" ಅಂದರು. ಪಾಯಸ ಬಡಿಸುತ್ತಿದ್ದ ಸೌಟು ಕೈಯಲ್ಲೇ ನಿಂತಿತು. ಹೇಳಿಬಿಡಲಾ ಅನ್ನಿಸಿತು, ಇಡೀ ಪಂಕ್ತಿಯ ಮುಂದೆ. ಆಮೇಲೆ "ಇನ್ನೊಂಚೂರು ಹಾಕ್ಲಾ ಸಾರ್?" ಅಂತ ಕೇಳಿ ಮುಂದಕ್ಕೆ ಹೋದೆ.

ಕಲಿಸಿದ್ದು ನೀನೇ, ಅದರಲ್ಲಿ ಸುಳ್ಳಿಲ್ಲ. ರಾಗಿ ಕೊಯ್ದು ಬಯಲಾದ ಹೊಲದಲ್ಲಿ ಎರಡು ನೀಲಗಿರಿ ಕಂಬ ನೆಟ್ಟು, ನಮ್ಮ ಬೀದಿಯ ಹುಡುಗಿಯರನ್ನೆಲ್ಲ ಸಾಲಾಗಿ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದೆ. ಹಿಂದಿನಿಂದ ಬಂದು ಬೆನ್ನು ತಟ್ಟಿ "ಖೋ" ಅನ್ನುತ್ತಿದ್ದೆ. ನಾನು ಒಮ್ಮೆ ಯಾರು ಅಂತ ತಿರುಗಿ ನೋಡಿದ್ದಕ್ಕೆ ತಲೆಗೊಂದು ಮೊಟಕಿದ್ದು ನೆನಪಿದೆಯಾ? "ಯಾರು ಕೊಟ್ರು, ಯಾಕೆ ಕೊಟ್ರು ಅಂತ ನೋಡ್ತಾ ಕುಂತ್ರೆ ಆಟ ಮುಗ್ದೋಗಿರ್ತದೆ ಕಣಮ್ಮ. ಮೊದ್ಲು ಎದ್ದೇಳು. ಯೋಚ್ನೆ ಓಡ್ತಾ ಮಾಡು." ಅದಕ್ಕೊಂದು ನಮ್ಮ ರೇಷ್ಮೆ ಹುಳುವಿನ ಪಾಠ ಬೇರೆ. "ಹಣ್ಣು ಹುಳಾನೂ ಅಷ್ಟೇಯ. ಮೇವು ಬಿಟ್ಟು ತಲೆ ಎತ್ತಿದ ತಕ್ಷಣ ಆಯ್ದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ರೆ ಗೂಡು ಕಟ್ತದೆ. ನಾವು ಲೇಟ್ ಮಾಡಿದ್ರೆ ಎಲೆ ಮೇಲೇ ನೂಲು ಉಗುಳಿ ಹಾಳಾಗೋಯ್ತದೆ. ಅದು ನಿಂಗೋಸ್ಕರ ಕಾಯ್ತದಾ?" ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ಅಪ್ಪ. ಹೇಳುವುದರಲ್ಲಿ ನಿನ್ನನ್ನು ಮೀರಿಸಿದವರಿಲ್ಲ.

ಇನ್ನೊಂದು ಪಾಠವನ್ನೂ ಕಲಿಸಿದ್ದೆ, ಅದೇ ನನಗೆ ಮುಳುವಾಗಿದ್ದು. ದಿಬ್ಬೂರಹಳ್ಳಿಯ ಮ್ಯಾಚಿನಲ್ಲಿ ಎದುರು ತಂಡದವಳ ಬೆರಳು ನನ್ನ ಲಂಗದ ಅಂಚಿಗೆ ತಗುಲಿತ್ತು. ಅಂಪೈರು ನೋಡಿರಲಿಲ್ಲ. ನೀನು ಗೆರೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದೆ. ನಾನೇ ಕೈ ಎತ್ತಿ ಹೊರಗೆ ಬಂದೆ. ಸೋತೆವು. ಬರುವಾಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಊರವರೆಗೂ "ನನ್ ಮಗ್ಳು ಸುಳ್ಳು ಆಡಲ್ಲ" ಅಂತ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಅವತ್ತು ಎಷ್ಟು ಉಬ್ಬಿದ್ದೆ ನಾನು...

ಜಿಲ್ಲಾ ತಂಡದ ಆಯ್ಕೆಗೆ ಕಾಗದ ಬಂದಾಗ ಮೇಷ್ಟ್ರು ಮನೆಗೇ ಬಂದು ಕೊಟ್ಟರು. ಆಗ ನಾವಿನ್ನೂ ಕೋಲಾರ ಜಿಲ್ಲೆಯವರು, ಆಯ್ಕೆ ಇದ್ದದ್ದು ಕೋಲಾರದಲ್ಲಿ. ನಮ್ಮೂರಿನಿಂದ ಇಬ್ಬರು, ನಾನು ಮತ್ತೆ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಂಜುಳಾ. ಶಿಡ್ಲಘಟ್ಟಕ್ಕೆ ಹೋಗಿ ನನಗೆ ಬಿಳಿ ಕ್ಯಾನ್ವಾಸ್ ಶೂ ತಂದವನು ನೀನೇ. ಬೆಳಿಗ್ಗೆ ಆರೂವರೆ ಬಸ್ಸು. ಹಿಂದಿನ ಸಂಜೆ ಶೂ ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ನೀನು ಹೊರಗಿನಿಂದ ಬಂದವನೇ, ಟವೆಲ್ಲು ಕೊಡವಿ, ಏನೂ ಆಗದವನ ಹಾಗೆ ಅಂದೆ: "ನಾಳೆ ರಾಮಕ್ಕನ ಮನೇಲಿ ಹುಳ ಆಯ್ಬೇಕು. ಸೆಕೆಗೆ ಒಂದಿನ ಮುಂಚೆನೇ ಹಣ್ಣಾಗವೆ. ನಮ್ಮನೆಯಿಂದ ಮುಯ್ಯಾಳು ಹೋಗ್ಬೇಕು, ನೀನು ಹೋಗು."

ಮುಯ್ಯಿ ಗೊತ್ತಿಲ್ಲದವಳಲ್ಲ ನಾನು. ನಮ್ಮ ಹುಳು ಹಣ್ಣಾದ ದಿನ ಅವರ ಮನೆಯವರು ಬಂದು ಆಯ್ದರೆ, ಅವರ ಹುಳು ಹಣ್ಣಾದ ದಿನ ನಮ್ಮ ಮನೆಯವರು ಹೋಗಬೇಕು. ಆದರೆ ನಾನೇ ಯಾಕೆ? ಅಮ್ಮ ಹೊರಗಾಗಿದ್ದಳು. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸಿಲು ದಾಟಿದರೆ ಹುಳುವಿಗೆ ರೋಗ ಬರುತ್ತದೆ ಅನ್ನುವುದು ನಮ್ಮೂರಿನ ಕಾನೂನು. ನೀನು ಅದಕ್ಕೆ ಕಾವಲುಗಾರ. "ನೀನೇ ಹೋಗಪ್ಪ" ಅಂದೆ. "ಹುಳ ಆಯೋದು ಹೆಣ್ ಕೈ ಕೆಲ್ಸ, ಗಂಡಸ್ರು ಮುಟ್ಟಿದ್ರೆ ಹಿಚುಕೋಯ್ತವೆ" ಅಂದೆ ನೀನು. "ಆಟ ಮುಂದಿನ್ ವರ್ಷಾನೂ ಬರ್ತದೆ. ಮುಯ್ಯಾಳು ತಪ್ಪಿಸಿದ್ರೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡಂಗಿಲ್ಲ." ನೀನು ತಲೆ ಎತ್ತಿಕೊಂಡು ಓಡಾಡಲಿ ಅಂತ ನಾನು ಕೂರಬೇಕಾಯಿತು.

ಈಗ ನಿನಗೆ ಗೊತ್ತೇ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಅವತ್ತು ಅಮ್ಮ ಹಿತ್ತಲಲ್ಲಿ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು. "ನೀನೂ ಹೊರಗಾಗಿದೀನಿ ಅನ್ನೇ. ಅಷ್ಟು ಅಂದ್ರೆ ಸಾಕು, ನಿಮ್ಮಪ್ಪನೇ ಬಾಯ್ ಮುಚ್ಕೊಂಡು ಬಸ್ ಹತ್ತಿಸ್ತಾನೆ. ಯಾರು ಬಂದು ನೋಡ್ತಾರೆ?" ಒಂದೇ ಒಂದು ಮಾತು. ಅದನ್ನು ನಾನು ಆಡಲಿಲ್ಲ. ನನ್ನ ಮಗಳು ಸುಳ್ಳು ಆಡಲ್ಲ ಅಂತ ಊರಿಗೆಲ್ಲ ಸಾರಿದವನು ನೀನಲ್ಲವಾ? ಸುಳ್ಳು ಹೇಳಿದರೆ ರಾಮಕ್ಕನ ಹುಳುವೆಲ್ಲ ಸತ್ತುಹೋದಾವು ಅಂತಲೂ ಹೆದರಿದ್ದೆ, ಪೆದ್ದಿ.

ಬೆಳಿಗ್ಗೆ ರಾಮಕ್ಕನ ಮನೆಗೆ ಹೋಗಿ ಹುಳು ಆಯುತ್ತಾ ಕೂತಿದ್ದೆ. ಚಂದ್ರಿಕೆ ಹೊತ್ತು ಒಳಗೆ ಬಂದ ರಾಮಕ್ಕ ನನ್ನನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ನಿನ್ನ! ನೀನ್ಯಾಕೆ ಬಂದ್ಯೇ ತಾಯಿ? ಮಗು ಆಟಕ್ಕೆ ಹೋಗ್ಲಿ, ಮುಂದಿನ್ ಬೆಳೆಗೆ ಬಂದ್ರಾಯ್ತು ಅಂತ ನಿನ್ನೆನೇ ನಿಮ್ಮಪ್ಪಂಗೆ ಹೇಳಿದ್ನಲ್ಲ!" ಕೇಳಿಸಿತಾ ಅಪ್ಪ? ಅವಳೇ ಬೇಡ ಅಂದಿದ್ದಳು. ಅವಳ ಬಾಯಿಂದ ಆ ಮಾತು ಮುಗಿಯುವ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿತು. ಓಡಿದ್ದರೆ ಸಿಗುತ್ತಿತ್ತು. ಬೊಗಸೆಯಲ್ಲಿ ಆಗತಾನೆ ಆಯ್ದ ಹುಳುಗಳಿದ್ದವು. ಚೆಲ್ಲಿ ಓಡಲಾ, ಚಂದ್ರಿಕೆಗೆ ಬಿಟ್ಟು ಓಡಲಾ, ನೀನು ಏನನ್ನುತ್ತೀಯೋ... ಅಂತ ಯೋಚನೆ ಮಾಡಿದೆ. ಕೂತಲ್ಲೇ ಯೋಚನೆ ಮಾಡಿದೆ. ಬಸ್ಸು ಹೋಯಿತು. ಆ ಗಳಿಗೆಗೆ ನಿನ್ನ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ ಸಿಟ್ಟು. ಆದರೆ ನನ್ನ ಪಾಲಿನದನ್ನು ನಾನು ದಿನಾ ತಿಂದಿದ್ದೇನೆ. ನಿನ್ನ ಪಾಲು ಹಾಗೇ ಉಳಿದಿದೆ.

ಅವತ್ತು ನೀನು ಎಲ್ಲಿಗೆ ಹೋಗಿದ್ದೆ? ಹೇಳು ಮತ್ತೆ. ಕೆಂಚಾರ್ಲಹಳ್ಳಿಯ ವಾಲಿಬಾಲ್ ಟೂರ್ನಮೆಂಟಿಗೆ! ಸಂಜೆ ಬಂದು ಮುದ್ದೆ ಮುರಿಯುತ್ತಾ, ಯಾವನೋ ಚಿಂತಾಮಣಿಯ ಹುಡುಗ ಹೇಗೆ ಹಾರಿ ಹೊಡೆದ ಅಂತ ಎರಡೂ ಕೈ ಎತ್ತಿ ತೋರಿಸಿದೆ. "ಸಿಕ್ಕಿದ್ ಒಂದೇ ಬಾಲು, ಬಿಡ್ಲಿಲ್ಲ ನೋಡಮ್ಮ ಅವನು" ಅಂದೆ, ನನಗೇ, ನನ್ನ ಮುಖ ನೋಡಿಕೊಂಡೇ. ನನ್ನ ಬೆರಳಲ್ಲಿ ಇನ್ನೂ ಹುಳುವಿನ ವಾಸನೆ ಇತ್ತು. ನಿನಗೆ ಒಂದಿಷ್ಟೂ ಅನ್ನಿಸಲಿಲ್ಲವಾ?

ಮಂಜುಳಾ ಒಬ್ಬಳೇ ಹೋದಳು, ತಂಡಕ್ಕೆ ಸೇರಿದಳು, ರಾಜ್ಯಕ್ಕೂ ಆಡಿದಳು. ಈಗ ಆಟದ ಕೋಟಾದಲ್ಲೇ ರೈಲ್ವೆ ಕೆಲಸ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವಳು ಎದ್ದಳು, ಓಡಿದಳು. ಊರಿಗೆ ಬಂದಾಗಲೆಲ್ಲ "ನೀನು ನನಗಿಂತ ಜೋರಾಗಿ ಓಡ್ತಿದ್ದೆ ಕಣೇ" ಅನ್ನುತ್ತಾಳೆ. ಅದನ್ನು ಕೇಳುವುದು ಎಷ್ಟು ಕಷ್ಟ ಅಂತ ಅವಳಿಗೇನು ಗೊತ್ತು. ನೀನು ಹೇಳಿದ ಆ ಮುಂದಿನ ವರ್ಷ ಬರಲೇ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ನೀಲಗಿರಿ ಕಂಬಗಳು ದನ ಕಟ್ಟುವ ಗೂಟಗಳಾದವು, ಎರಡು ಬೀದಿ ಆಚೆಯೇ ನನ್ನ ಮದುವೆ ಮಾಡಿದೆ. ನಿನಗೆ ಕೈಲಾಗದ ಕಾಲಕ್ಕೆ ಹುಳದ ಮನೆಯೂ ನನ್ನ ಪಾಲಿಗೇ ಬಂತು.

ನಿನ್ನೆ ಆಗಿದ್ದು ಕೇಳು. ನಿನ್ನ ಮೊಮ್ಮಗಳು ಚೈತ್ರಾಗೆ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ತಂಡದ ಆಯ್ಕೆ. ಅದೇ ಖೋ ಖೋ. ನಮ್ಮ ಹಣೆಬರಹ ನೋಡು, ನಿನ್ನೆ ಬೆಳಿಗ್ಗೆಯೇ ಹುಳು ಹಣ್ಣಾಗಿ ಕೂತವು. ನಿನ್ನ ಅಳಿಯ ಚಂದ್ರಿಕೆ ಹೊರುತ್ತಿದ್ದ, ನಾನು ಎರಡೂ ಕೈಯಲ್ಲಿ ಆಯುತ್ತಿದ್ದೆ, ಆಳು ಸಾಲದು. ಬಾಗಿಲಲ್ಲಿ ನೆರಳು ಬಿತ್ತು, ಚೈತ್ರಾ. ಅವಳನ್ನು ಕಂಡ ತಕ್ಷಣ ನನ್ನ ನಾಲಿಗೆಯ ತುದಿಗೆ ಏನು ಬಂತು ಗೊತ್ತಾ? "ಆಟ ಮುಂದಿನ್ ವರ್ಷಾನೂ ಬರ್ತದೆ." ನಿನ್ನದೇ ಮಾತು, ನಿನ್ನದೇ ದನಿ. ಥೂ ಅನ್ನಿಸಿತು.

ನಾನು ಬಾಯಿ ತೆರೆಯುವ ಮೊದಲು ಅವಳೇ ಅಂದಳು, ನೆಲ ನೋಡಿಕೊಂಡು: "ಅಮ್ಮಾ, ನಾನು ಒಳಗೆ ಬರಂಗಿಲ್ಲ. ಹೊರಗಾಗಿದೀನಿ." ಹೆಗಲಲ್ಲಿ ಬ್ಯಾಗು, ಕಾಲಲ್ಲಿ ಶೂ. ಅವಳ ದಿನ ನನಗೆ ಗೊತ್ತಿಲ್ಲವಾ? ಹೋದ ವಾರವಷ್ಟೇ ಆಗಿತ್ತು. ಅವಳ ಹಿಂದೆ ಜಗುಲಿಯ ಮೇಲೆ ಅಮ್ಮ ಕೂತು, ಹಲ್ಲಿಲ್ಲದ ಬಾಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವವಳ ಹಾಗೆ ಆಕಾಶ ನೋಡುತ್ತಿದ್ದಳು. ಮಗಳು ಆಡದ ಸುಳ್ಳನ್ನು ಮೊಮ್ಮಗಳಿಗೆ ಕಲಿಸಿಕೊಟ್ಟಿದ್ದಾಳೆ ಮುದುಕಿ!

ನನಗೆ ನಗು ಬರಬೇಕಿತ್ತು. ಮೈಯೆಲ್ಲ ಉರಿದುಹೋಯಿತು. ಮೂರನೇ ತಲೆಮಾರಿಗೂ ಒಂದು ಹೆಣ್ಣು ಆಟಕ್ಕೆ ಹೋಗಲು ಮೈಲಿಗೆಯ ನೆಪ ಹೇಳಬೇಕಾ ಅಪ್ಪ? "ಏಯ್ ಇಲ್ಲಿ ನೋಡು" ಅಂದೆ. "ಇವತ್ತು ನಂಗೇ ಎರಡನೇ ದಿನ. ನಾನು ಒಳಗೇ ಇದೀನಲ್ಲ? ಯಾವ ಹುಳ ಸತ್ತಿದೆ ತೋರ್ಸು." ಚಂದ್ರಿಕೆ ಹೊತ್ತ ನಿನ್ನ ಅಳಿಯ ಅಲ್ಲೇ ನಿಂತ. ಅಮ್ಮ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು.

ಹೌದು ಅಪ್ಪ. ಹನ್ನೊಂದು ವರ್ಷದಿಂದ. ಒಂದು ಸಲ ನಾಲ್ಕನೇ ಜ್ವರದ ನಿದ್ದೆ ಮುಗಿಸಿ, ಪೊರೆ ಬಿಟ್ಟು ಎದ್ದ ಹುಳುಗಳು ಹಸಿದು ತಟ್ಟೆಯ ಅಂಚಿಗೆ ಹರಿಯುತ್ತಿದ್ದವು, ಮೇವು ಹಾಕಲು ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಹೊರಗಾಗಿದ್ದೆ. ಕೈ ತೊಳೆದು, ಒಳಗೆ ಹೋಗಿ ಸೊಪ್ಪು ಹಾಕಿದೆ. ಅವು ತಿಂದವು, ಹಣ್ಣಾದವು, ಗೂಡು ಕಟ್ಟಿದವು. ಆ ಗೂಡಿನಲ್ಲೊಂದನ್ನು ನೀನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ನಾಲ್ಕು ಜನರ ಮುಂದೆ ಅಂದೆ: "ಮಡಿಯಾಗಿ ಸಾಕಿದ್ ಹುಳ ಅಂದ್ರೆ ಹಿಂಗಿರ್ಬೇಕು. ನನ್ ಮಗ್ಳು ಸಾಕಿದ್ದು." ನಾನು ಸುಮ್ಮನಿದ್ದೆ. ನಿನ್ನ ಮಗಳು ಸುಳ್ಳು ಆಡುವುದಿಲ್ಲ, ಆದರೆ ಸುಮ್ಮನಿರುವುದನ್ನು ಚೆನ್ನಾಗಿ ಕಲಿತಿದ್ದಳು.

ಚೈತ್ರಾಗೆ ಅಂದೆ, "ಆ ನೆಪ ಬೇಡ. ಆಟ ಇದೆ, ಹೋಗ್ತೀನಿ ಅನ್ನು." ಅವಳು ಅಜ್ಜಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಅವರ್ನೇನು ನೋಡ್ತೀಯ? ಅನ್ನು." "ಆಟ ಇದೆ ಅಮ್ಮ. ಹೋಗ್ತೀನಿ" ಅಂದಳು, ಈ ಸಲ ತಲೆ ಎತ್ತಿ. "ಹೋಗು ಮತ್ತೆ, ಬಸ್ಸೇನು ನಿಮ್ ತಾತಂದಾ ಕಾಯಕ್ಕೆ?" ಅಂದೆ. ಓಡಿದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ನಿನ್ನ ಅಳಿಯ ಚಂದ್ರಿಕೆ ಇಳಿಸಿ, ನನ್ನ ಪಕ್ಕ ಹುಳು ಆಯಲು ಕೂತ. ಒಂದಷ್ಟು ಹುಳುಗಳು ನಮ್ಮ ಕೈಗೆ ಸಿಗದೆ ಎಲೆಯ ಮೇಲೇ ನೂಲು ಉಗುಳಿ ಹಾಳಾದವು. ಆಗಲಿ. ಹುಳು ಇನ್ನೊಂದು ಬೆಳೆಗೆ ಬರುತ್ತದೆ.

ಸಂಜೆ ಫೋನು ಮಾಡಿದಳು. ಆಯ್ಕೆಯಾಗಿದ್ದಾಳೆ. ಅಮ್ಮ ಅತ್ತಳು, ನಿನ್ನ ಅಳಿಯ ಬೀದಿಗೆಲ್ಲ ಹೇಳಿಕೊಂಡು ಬಂದ. ಇನ್ನು ಮೇಲೆ ಹೊಸ ಬೆಳೆಗೆ ಚಾಕಿ ಮರಿಹುಳು ತರುವ ದಿನವನ್ನು ಅವಳ ಆಟದ ಪಟ್ಟಿ ನೋಡಿಯೇ ಗೊತ್ತು ಮಾಡುವುದು. ಮುಯ್ಯಾಳು ಬೇಕಾದರೆ ನಿನ್ನ ಅಳಿಯ ಹೋಗುತ್ತಾನೆ. ಗಂಡಸರ ಕೈಗೆ ಹುಳು ಹಿಚುಕಿಹೋಗುವುದಿಲ್ಲ, ನಿನ್ನೆ ಅದನ್ನೂ ನೋಡಿಯಾಯಿತು.

ನಿನ್ನ ಫೋಟೊ ಹುಳದ ಮನೆಯ ಬಾಗಿಲ ಮೇಲೇ ಇದೆ ಅಪ್ಪ, ತೆಗೆದಿಲ್ಲ, ತೆಗೆಯುವುದೂ ಇಲ್ಲ. ಇವತ್ತು ನನಗೆ ಮೂರನೇ ದಿನ. ಈಗಷ್ಟೇ ಅದನ್ನು ಒರೆಸಿ, ಹೂವಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಮಗಳು,
ಸುನಂದ