ನಿಂಬೆವ್ವ ಫಲಕ ಇಳಿಸಿದ ದಿನ

ಹುಬ್ಬಳ್ಳಿ
ಫೆಬ್ರವರಿ ೩೦, ೨೧೭೪

ನೂರೈವತ್ತು ವರ್ಷಗಳ ಹಿಂದೆ ನಮ್ಮ ಊರಿನ ಹೋಟೆಲುಗಳಲ್ಲಿ ಕುಳಿತು ಉಣ್ಣುತ್ತಿರುವ ಎಲ್ಲರಿಗೂ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದನ್ನು ಯಾರು, ಯಾವಾಗ ಬದಲಿಸಿದರು ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿಲ್ಲ. ನಾನು ಹುಟ್ಟಿದಾಗಿನಿಂದ ಹೀಗೇ ಇದೆ. ನನ್ನ ಬರವಣಿಗೆಯಲ್ಲಿ ನಿಮಗೆ ಪರಿಚಯವಿಲ್ಲದ ಪದಗಳು ಕೆಲವು ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬಂದಲ್ಲೇ ಅರ್ಥವನ್ನೂ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂಬುದು ಬೇರೆಯವರ ತಲೆನೋವು. ಬರೆಯುವುದಷ್ಟೇ ನನ್ನ ಕೆಲಸ.

ನನ್ನ ಹೆಸರು ಶಶಿರೇಖಾ ಹಂಚಿನಮನಿ. ವಯಸ್ಸು ಅರವತ್ತೊಂದು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಆಕಾಶದಲ್ಲಿ ಹಗ್ಗ ಹಿಡಿದು ಓಡಾಡುವ ತೂಗುಬಂಡಿಗಳ ರಿಪೇರಿ ಮಾಡುವವಳು ನಾನು. ಆದರೆ ಊರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಬಂಡಿಯ ವಿಷಯ ಯಾರೂ ಎತ್ತುವುದಿಲ್ಲ. "ಶಶಿರೇಖಾ ಅಂದ್ರ ಉಣ್ಣಾಕಿ ಅಲ್ಲೇನ್ರಿ?" ಎನ್ನುತ್ತಾರೆ. ಅದನ್ನು ನಾನು ಬಿರುದು ಎಂದೇ ತಿಳಿದಿದ್ದೇನೆ.

ನಿಮಗೆ ವಿಚಿತ್ರ ಅನ್ನಿಸಬಹುದಾದ ಸಂಗತಿಯೊಂದಿದೆ: ನಮ್ಮ ಮನೆಗಳಲ್ಲಿ ಅಡುಗೆಮನೆ ಇಲ್ಲ. ನನ್ನ ಮುತ್ತಜ್ಜಿಯ ಕಾಲಕ್ಕೆ ಬೇಸಿಗೆಯ ಕಾವು ಎಷ್ಟು ಏರಿತೆಂದರೆ, ಮನೆಯೊಳಗೆ ಒಲೆ ಹಚ್ಚಿದವರು ಒಲೆಯ ಮುಂದೆಯೇ ಬವಳಿ ಬಂದು ಬೀಳತೊಡಗಿದರು. ಆಗ ನಗರಸಭೆಯವರು ಮನೆಯ ಒಲೆಗಳನ್ನೆಲ್ಲ ಆರಿಸಿ, ಓಣಿಗೊಂದರಂತೆ ಅರ್ಧ ನೆಲದೊಳಗೆ ಇಳಿದ, ದಪ್ಪ ಮಣ್ಣಿನ ಗೋಡೆಯ ಹೋಟೆಲುಗಳನ್ನು ಕಟ್ಟಿಸಿದರು. ಹೆಂಗಸರು ಮೊದಮೊದಲು ಅತ್ತರಂತೆ, ಆಮೇಲೆ ನಕ್ಕರಂತೆ. ಈಗ ಇಡೀ ಊರು ಹೊರಗೇ ಉಣ್ಣುತ್ತದೆ. ಮಧ್ಯಾಹ್ನದ ಊಟ ಬೆಳಿಗ್ಗೆ ಹತ್ತಕ್ಕೇ ಮುಗಿಯಬೇಕು, ಇಲ್ಲದಿದ್ದರೆ ಬಿಸಿಲು ಹೊರಗೆ ಬಿಡುವುದಿಲ್ಲ. ಹೆಣ್ಣು ನೋಡಲು ಬಂದವರು "ನೀವು ಯಾವ ಖಾನಾವಳಿಯವರು?" ಎಂದು ಮೊದಲು ಕೇಳುತ್ತಾರೆ. ಕುಲ ಗೋತ್ರದ ಮಾತು ಬಂದರೆ ಆಮೇಲೆ.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. ಅನ್ನ ನಮಗೆ ಹಬ್ಬದ ಊಟ. ಬಿಸಿಲಿಗೆ ಹೆದರಿ ಕಾಫಿ ಗಿಡಗಳು ಬೆಟ್ಟ ಹತ್ತುತ್ತಾ ಹತ್ತುತ್ತಾ ಒಂದು ದಿನ ಬೆಟ್ಟವೇ ಮುಗಿದುಹೋಯಿತು. ನಾನು ಕಾಫಿ ಕುಡಿದದ್ದು ಜೀವನದಲ್ಲಿ ಎರಡೇ ಸಲ. ಜೋಳ ಮಾತ್ರ ನಮ್ಮ ಕೈ ಬಿಡಲಿಲ್ಲ. ನೀರು ಕಮ್ಮಿಯಾದರೂ, ನೆಲ ಕಾದರೂ ತಲೆ ಎತ್ತಿ ನಿಂತಿತು. ಜೋಳ ತಿನ್ನುವ ಊರಿನವಳು ಎಂದು ಹೇಳಿಕೊಳ್ಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ನಾನು ಉಂಡ ಹೋಟೆಲುಗಳ ಬಗ್ಗೆ ಹೇಳಹೊರಟರೆ ಈ ಕಾಗದ ಸಾಲದು. ದುರ್ಗದಬೈಲಿನಲ್ಲಿ ಗಿರಮಿಟ್ಟು ಕಲಸುವ ಅಣ್ಣ ತಮ್ಮ ಇದ್ದಾರೆ. ಒಬ್ಬ ಚುರಮುರಿಗೆ ಹುಳಿ ಹಾಕಿದರೆ ಇನ್ನೊಬ್ಬ ಉಳ್ಳಾಗಡ್ಡಿ ಹಾಕುತ್ತಾನೆ, ಇಬ್ಬರಿಗೂ ಮಾತು ಬಿಟ್ಟು ಒಂಬತ್ತು ವರ್ಷ, ಆದರೆ ಗಿರಮಿಟ್ಟಿನಲ್ಲಿ ಒಂದು ದಿನವೂ ಜಗಳ ಕಂಡಿಲ್ಲ. ಉಣಕಲ್ ಕೆರೆಯ ಬದಿಯ ಸಾವಜಿ ಖಾನಾವಳಿಯಲ್ಲಿ ಖಾರದ ಸಾರು ಉಂಡು ನಾನು ಮೂಗು ಕಣ್ಣು ಎರಡೂ ಒರೆಸಿಕೊಳ್ಳುತ್ತಾ ಇನ್ನೊಂದು ಬಟ್ಟಲು ಕೇಳಿದ್ದನ್ನು ನೋಡಿ, ಪಕ್ಕದ ಮೇಜಿನ ಅಪರಿಚಿತ ಕುಟುಂಬ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಒಬ್ಬಳೇ ಹೋಗುತ್ತೇನೆ, ಮೂಲೆಯ ಜಾಗ ಹಿಡಿಯುತ್ತೇನೆ, ಮಾತಾಡದೆ ಉಣ್ಣುತ್ತೇನೆ. ಅದಕ್ಕಿಂತ ಸುಖ ನನಗೆ ಗೊತ್ತಿಲ್ಲ.

ಆದರೆ ಇಪ್ಪತ್ತು ವರ್ಷ ದಿನವೂ ನಾನು ಮೊದಲು ಹೋಗಿ ಕೂರುತ್ತಿದ್ದದ್ದು ಹಳೇ ಹುಬ್ಬಳ್ಳಿಯ ನಿಂಬೆವ್ವ ತಡಸದ ಅವರ ಖಾನಾವಳಿಯಲ್ಲಿ. ಎಪ್ಪತ್ತರ ಹತ್ತಿರದ ಹೆಂಗಸು. ಸಣ್ಣ ಆಳು, ದೊಡ್ಡ ದನಿ. ಅವರ ಎಣ್ಣೆಗಾಯಿಯ ಬದನೆಕಾಯಿ ಬಾಯಲ್ಲಿ ಕರಗುತ್ತಿತ್ತು, ಆದರೆ ತಟ್ಟೆಯಲ್ಲಿ ಒಡೆಯುತ್ತಿರಲಿಲ್ಲ. ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಕುಟ್ಟಿಯೇ ಮಾಡಬೇಕು, ರುಬ್ಬಿದರೆ ಅವರಿಗೆ ಸಿಟ್ಟು. ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕುತ್ತಾ "ಆರೂದರೊಳಗ ಮುಗಸು" ಎಂದು ಗದರುತ್ತಿದ್ದರು. ಬಾಗಿಲ ಮೇಲೆ ಅವರ ತಾಯಿಯ ಕಾಲದ ಕೈಫಲಕ ಇತ್ತು. ಕೈಫಲಕವೆಂದರೆ, ಇಲ್ಲಿ ಎಲ್ಲವನ್ನೂ ಮನುಷ್ಯರ ಕೈಯಲ್ಲೇ ಮಾಡುತ್ತಾರೆ ಎಂದು ಆಗ ನಗರಸಭೆ ಕೊಡುತ್ತಿದ್ದ ತಾಮ್ರದ ಫಲಕ. ಯಂತ್ರದ ಅಡುಗೆ ತಪ್ಪೇನೂ ಅಲ್ಲ. ಅರ್ಧ ಊರು ಅದನ್ನೇ ಉಣ್ಣುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಫಲಕ ಇದ್ದಲ್ಲಿ ಯಂತ್ರ ಇರಕೂಡದಿತ್ತು.

ಅದನ್ನು ಪರೀಕ್ಷಿಸಲು ಊರಿನಲ್ಲಿ ಒಂಬತ್ತು ಮಂದಿ ನಾಲಗೆಸಾಕ್ಷಿಗಳಿದ್ದರು. ನನ್ನಂಥ ತಿನ್ನುವ ಚಪಲದವರನ್ನೇ ಆರಿಸಿ, ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡು, ಉಂಡು ಬಂದು ನಿಜ ಬರೆಯಿರಿ ಎನ್ನುತ್ತಿದ್ದರು. ನನ್ನನ್ನು ಆರಿಸಿದ ದಿನ ನಾನು ತೂಗುಬಂಡಿಯಲ್ಲಿ ಒಬ್ಬಳೇ ಕುಳಿತು ಮಗುವಿನ ಹಾಗೆ ನಕ್ಕಿದ್ದೆ. ನನ್ನ ಹೊಟ್ಟೆಬಾಕತನಕ್ಕೆ ಊರು ಕೊಟ್ಟ ಮರ್ಯಾದೆ ಅದು.

ಹನ್ನೊಂದು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ನಿಂಬೆವ್ವನವರಲ್ಲಿ ಉಣ್ಣುತ್ತಿದ್ದೆ. ಎರಡನೆಯ ರೊಟ್ಟಿ ಬಂತು. ಮೊದಲನೆಯದರ ಮೇಲೆ ಬಿತ್ತು. ಎರಡೂ ಅಂಚಿಗೆ ಅಂಚು ಕೂಡಿ ನಿಂತವು, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಕೈಯಲ್ಲಿ ಬಡಿದ ರೊಟ್ಟಿ ಹಾಗೆ ಕೂಡುವುದಿಲ್ಲ. ಒಂದು ಕಡೆ ಅಂಚು ತೆಳ್ಳಗಾಗಿ ಗರಿಗರಿಯಾಗಿರುತ್ತದೆ, ಇನ್ನೊಂದು ಕಡೆ ಬೆರಳಿನ ಗುರುತು ಉಳಿದಿರುತ್ತದೆ. ಮುರಿದು ಬಾಯಿಗಿಟ್ಟೆ. ಹಿಟ್ಟು ಅವರದೇ, ನಾದಿದ್ದು ಅವರೇ, ಬಡಿದದ್ದು ಅವರಲ್ಲ. "ಇನ್ನೊಂದ ಹಾಕ್ಲೇನ?" ಎಂದು ಕೇಳಿದ ನಿಂಬೆವ್ವ ಅವತ್ತು ನನ್ನ ಮುಖ ನೋಡಲಿಲ್ಲ.

ಮೂರು ದಿನ ಬೇರೆ ಹೋಟೆಲುಗಳಲ್ಲಿ ಉಂಡೆ. ಏನು ಉಂಡೆನೋ ನೆನಪಿಲ್ಲ. ಬರೆಯದೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಮನಸ್ಸು. ಇಪ್ಪತ್ತು ವರ್ಷದಲ್ಲಿ ಆ ಹೆಂಗಸು ಒಂದು ಸಲವಾದರೂ ಆರಿದ್ದನ್ನು ಬಡಿಸಿದ್ದಾರೆಯೇ, ಹಾಗಿರುವಾಗ ನಾನು ಮಾತ್ರ ಸುಳ್ಳು ಸಾಕ್ಷಿಯಾಗಲೇ ಎಂದು ಇನ್ನೊಂದು ಮನಸ್ಸು. ನಾಲ್ಕನೆಯ ದಿನ ಜನ ಹೋದ ಮೇಲೆ ನೇರ ಅವರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಮೂಲೆಯಲ್ಲಿ ಗೋಣಿ ಹೊದಿಸಿದ ರೊಟ್ಟಿಯ ಯಂತ್ರ ಕಂಡಿತು.

"ಕಂಡೀ ಏನು?" ಎಂದರು ನಿಂಬೆವ್ವ. ದನಿ ಸಣ್ಣದಾಗಿತ್ತು. ಬಲಗೈ ಎತ್ತಿ ನನ್ನ ಮುಂದೆ ಹಿಡಿದರು. ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. "ಆರು ತಿಂಗಳಾತು. ನಾದಾಕ ಬರ್ತೈತಿ, ಒಗ್ಗರಣಿ ಹಾಕಾಕ ಬರ್ತೈತಿ. ಬಡಿಯಾಕ ಆಗವಲ್ದು, ಶಶಿ. ಹರದ ಹೋಗತೈತಿ. ನಮ್ಮವ್ವನ ಫಲಕ ನನ್ನ ಕಾಲಕ್ಕ ಇಳೀಬಾರದು ಅಂತ ಮಾಡೀನಿ. ಯಾರಿಗೂ ಹೇಳಬ್ಯಾಡ."

"ನಿಂಬೆಕ್ಕಾ, ನಾನ ಸಾಕ್ಷಿ ಅದೀನಿ" ಎಂದೆ. ಕೊಟ್ಟ ಮಾತು ಮುರಿದದ್ದು ಆ ಒಂದೇ ಸಲ.

ಅವರು ಚಾಚಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನನ್ನ ಕೈಯಾಗಿಂದ ಉಂಡ ನಾಲಗಿ ಅದು" ಎಂದರು. "ಆ ನಾಲಗೀಲೇ ನನ್ನ ಮ್ಯಾಲೆ ಹೇಳ್ತಿ?"

"ನೀವ ಕಲಿಸಿದ್ದು ಅಕ್ಕಾ. ನಿಮ್ಮ ರೊಟ್ಟಿ ಉಣ್ಣದಿದ್ರ ನನಗ ಫರಕ್ ಗೊತ್ತ ಆಗ್ತಿರಲಿಲ್ಲ."

"ಬರಿ. ಹೋಗಿ ಬರಿ. ಆದ್ರ ಇನ್ನ ಇಲ್ಲಿ ಊಟಕ್ಕ ಬರಬ್ಯಾಡ."

ಬರೆದೆ. ಸಾಕ್ಷಿಗಳ ಹಿರಿಯರು ಇಮಾಮಹುಸೇನ ಕಿತ್ತೂರ ಎಂಬ ನಿವೃತ್ತ ರೈಲು ನೌಕರರು. ಓದಿ ಕನ್ನಡಕ ತೆಗೆದಿಟ್ಟರು. "ನಾನೂ ಅಲ್ಲೇ ಉಣ್ಣಾಂವ, ಶಶಿರೇಖಾಬಾಯಿ" ಎಂದರು. "ನನಗ ಗೊತ್ತಾಗಿತ್ತು. ಬರಿಯಾಕ ಧೈರ್ಯ ಆಗಿರಲಿಲ್ಲ." ಅವರ ಕಣ್ಣು ತುಂಬಿದ್ದವು. ನನ್ನವೂ.

ಸೋಮವಾರ ಬೆಳಿಗ್ಗೆ ಫಲಕ ತೆಗೆಯಲು ನಗರಸಭೆಯವರು ಏಣಿ ತಂದರು. ಸುದ್ದಿ ಹೇಗೋ ಓಣಿ ತುಂಬ ಹಬ್ಬಿತ್ತು. ಉಣ್ಣಲು ಬಂದವರು, ನೋಡಲು ಬಂದವರು ಸೇರಿ ಇನ್ನೂರು ಜನ. ನಾನು ಎದುರುಗಡೆಯ ಗೋಡೆಗೆ ಒರಗಿ ನಿಂತಿದ್ದೆ. ಯಾರು ಬರೆದರೆಂದು ಜನಕ್ಕೆ ಗೊತ್ತಿರಲಿಲ್ಲ, ಆದರೂ ಎಲ್ಲರೂ ನನ್ನನ್ನೇ ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು. ನಿಂಬೆವ್ವ ಹೊರಗೆ ಬಂದರು. ಏಣಿಯವರನ್ನು ಪಕ್ಕಕ್ಕೆ ಸರಿಸಿ, ಸ್ಟೂಲು ಹಾಕಿಕೊಂಡು ತಾವೇ ಹತ್ತಿದರು. ನಡುಗುವ ಕೈಯಿಂದ ಮೊಳೆ ಕೀಳಲು ಸಮಯ ಹಿಡಿಯಿತು. ಯಾರೋ ನೆರವಿಗೆ ಹೋದರೆ "ಬ್ಯಾಡ" ಎಂದರು. ಫಲಕವನ್ನು ಎದೆಗೆ ಒತ್ತಿ ಹಿಡಿದು, ಸ್ಟೂಲಿನ ಮೇಲಿಂದಲೇ ಜನದ ಕಡೆ ತಿರುಗಿದರು. ದನಿ ಮತ್ತೆ ದೊಡ್ಡದಾಗಿತ್ತು.

"ಕೇಳ್ರಿ. ರೊಟ್ಟಿ ಯಂತ್ರದ್ದು, ಆರು ತಿಂಗಳಿಂದ. ಎಣ್ಣಿಗಾಯಿ ನಂದು. ಹಿಂಡಿ ನಂದು. ಕಾಳ ಪಲ್ಯ ನಂದು. ನಿಮಗ ಸುಳ್ಳ ಹೇಳಿದ್ದೂ ನಂದ. ಒಲಿ ಹಚ್ಚೀನಿ, ಅಡಗಿ ಆಗೈತಿ. ಉಣ್ಣಾವ್ರು ಬರ್ರಿ, ಹೋಗಾವ್ರು ಹೋಗ್ರಿ."

ಇಳಿದು ಒಳಗೆ ಹೋದರು.

ಮೊದಲಿಗೆ ಇಮಾಮಹುಸೇನರು ಜನರ ನಡುವಿನಿಂದ ಬಂದು, ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೊಕ್ಕರು. ಅವರ ಹಿಂದೆ ಇಬ್ಬರು. ಆಮೇಲೆ ಒಂದು ಇಡೀ ಮದುವೆ ದಿಬ್ಬಣದಷ್ಟು ಜನ ನುಗ್ಗಿದರು. ಸುಳ್ಳಿಗೆ ಬೇಸರ ಪಟ್ಟವರೂ ಇದ್ದರು, ಬೈದುಕೊಂಡು ಹೊರಟುಹೋದವರೂ ಇದ್ದರು. ಆದರೆ ಅವತ್ತು ಹತ್ತರೊಳಗೆ ಎಣ್ಣೆಗಾಯಿಯ ಪಾತ್ರೆಯ ತಳ ಕಂಡಿತು. ನನ್ನ ಊರಿನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ರುಚಿಗೆ ಮರುಳಾಗುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಿಜ ಹೇಳಿದವಳ ತಟ್ಟೆಗೆ ಸಾಲು ನಿಂತವರು ನನ್ನವರು.

ನಾನು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ಬರಬೇಡ ಎಂದಿದ್ದರಲ್ಲ. ಬಿಸಿಲು ಕಾಲಿಗೆ ಬಂತು, ಮೊಣಕಾಲಿಗೆ ಬಂತು. ಕಡೆಗೆ ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು.

"ಎಷ್ಟೊತ್ತ ನಿಂದರ್ತಿ ಅಲ್ಲೆ? ಬಿಸಲ ಬಡೀತೈತಿ."

"ನೀವ ಬ್ಯಾಡ ಅಂದಿದ್ರಿ."

"ಅಂದಿದ್ದೆ. ಈಗ ಬಾ ಅಂತೀನಿ. ನಿನ್ನ ಮೂಲ್ಯಾಗ ಯಾರೋ ಕುಂತಾರ. ಇಲ್ಲೆ ಬಾಗಲದಾಗ ಕುಂದ್ರು."

ಹೊಸ್ತಿಲ ಮೇಲೆ ಕುಳಿತು ಉಂಡೆ. ಅವರು ಪಕ್ಕದಲ್ಲೇ ನಿಂತು ನಾನು ಪ್ರತಿ ತುತ್ತು ಬಾಯಿಗಿಡುವುದನ್ನೂ ನೋಡಿದರು. "ಹೆಂಗೈತಿ?" ಎಂದರು. "ಎಣ್ಣಿಗಾಯಿಗೆ ಉಪ್ಪು ಒಂದ ಹರಳ ಜಾಸ್ತಿ" ಎಂದೆ. ಅವರು ನನ್ನ ತಲೆ ಮೇಲೆ ಮೆಲ್ಲಗೆ ಮೊಟಕಿದರು.

ಅವತ್ತು ಅವರು ಸ್ಟೂಲಿನ ಮೇಲಿಂದ ಹೇಳಿದ ಮಾತು ಊರಿನ ಬಾಯಲ್ಲಿ ಉಳಿಯಿತು. ಬೇರೆ ಖಾನಾವಳಿಯವರೂ ಬಾಗಿಲಲ್ಲಿ ನಿಂತು ಯಾವುದು ಯಂತ್ರದ್ದು, ಯಾವುದು ತಮ್ಮದು ಎಂದು ಹೇಳತೊಡಗಿದರು. ಎರಡು ವರ್ಷ ಚರ್ಚೆ ನಡೆದ ಮೇಲೆ ನಗರಸಭೆ ತಾಮ್ರದ ಫಲಕಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಹೆಸರುಹಲಗೆ ಕೊಟ್ಟಿತು. ಅವತ್ತಿನ ಪ್ರತಿ ಪದಾರ್ಥದ ಮುಂದೆ ಅದನ್ನು ಮಾಡಿದವರ ಹೆಸರು ಬಳಪದಲ್ಲಿ ಬರೆದಿರಬೇಕು, ಯಂತ್ರ ಮಾಡಿದ್ದರೆ ಯಂತ್ರ ಎಂದು ಬರೆದಿರಬೇಕು. ಈಗ ಬೆಂಗಳೂರು, ಕಲಬುರಗಿ, ಮಂಗಳೂರಿನಲ್ಲೂ ಹಾಗೆಯೇ. ಶುರುವಾದದ್ದು ಮಾತ್ರ ನಮ್ಮ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಕೈ ನಡುಗುವ ಒಬ್ಬ ಹೆಂಗಸಿನ ಬಾಯಿಂದ. ಅವರು ಇನ್ನೂ ನಾಲ್ಕು ವರ್ಷ ಒಲೆಯ ಮುಂದಿದ್ದರು. ತೀರಿಕೊಂಡ ದಿನ ಊರಿನ ಎಲ್ಲ ಹಲಗೆಗಳಲ್ಲೂ ಎಣ್ಣೆಗಾಯಿಯ ಮುಂದೆ ಅವರ ಹೆಸರೇ ಇತ್ತು.

ಈಗ ನಿಮ್ಮಲ್ಲಿ ಒಂದು ವಿನಂತಿ. ಈ ಕಾಗದ ಬರೆಯಲು ಕೂತದ್ದೇ ಅದಕ್ಕೆ.

ನೀವು ಹೋಟೆಲಿಗೆ ಹೋದಾಗ ತಟ್ಟೆಯ ಚಿತ್ರ ತೆಗೆಯುತ್ತೀರಿ. ಅವು ಕೋಟಿಗಟ್ಟಲೆ ನಮ್ಮ ಗ್ರಂಥಾಲಯದಲ್ಲಿ ಉಳಿದಿವೆ. ಬಿಡುವಿದ್ದಾಗ ಹೋಗಿ ನೋಡುತ್ತೇನೆ. ಬೆಣ್ಣೆ ಕರಗುತ್ತಿರುವ ದೋಸೆ, ಹೊಗೆಯಾಡುವ ಕಾಫಿ ಲೋಟ, ಎಲೆಯ ತುಂಬ ಬಿಳಿ ಅನ್ನ. ನೋಡುತ್ತಾ ಬಾಯಲ್ಲಿ ನೀರೂರುತ್ತದೆ. ಚಿತ್ರದ ಕೆಳಗೆ ಹೋಟೆಲಿನ ಹೆಸರಿರುತ್ತದೆ, ನಿಮ್ಮ ಹೆಸರಿರುತ್ತದೆ, ಎಷ್ಟು ಚೆನ್ನಾಗಿತ್ತು ಎಂದೂ ಬರೆದಿರುತ್ತೀರಿ. ಮಾಡಿದವರು ಯಾರು ಎಂದು ನಾನು ಹುಡುಕುತ್ತೇನೆ. ಸಾವಿರಾರು ಚಿತ್ರ ನೋಡಿದ್ದೇನೆ. ಒಂದರ ಕೆಳಗೂ ಒಬ್ಬ ಅಡುಗೆಯವರ ಹೆಸರು ಸಿಕ್ಕಿಲ್ಲ.

ಇವತ್ತು ಹೊರಗೆ ಉಂಡರೆ, ಕೈ ತೊಳೆದ ಮೇಲೆ ಹಾಗೇ ಹೊರಟುಬಿಡಬೇಡಿ. ಒಳಗಿನ ಬಾಗಿಲ ತನಕ ಹೋಗಿ, ಹೆಸರು ಕೇಳಿ, ಚಿತ್ರದ ಕೆಳಗೆ ಬರೆದಿಡಿ. ಓದುವವಳು ಇಲ್ಲಿ ಒಬ್ಬಳಿದ್ದಾಳೆ.

ನಿಮ್ಮ,
ಶಶಿರೇಖಾ ಹಂಚಿನಮನಿ