ಬಟ್ಟೆ ಬದಲಿಸಿಯೇ ಒಳಗೆ ಬನ್ನಿ

ಮಕ್ಕಳ ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಹೊರರೋಗಿ ವಿಭಾಗದ ಬಾಗಿಲ ಮೇಲೆ ಒಂದು ಫಲಕವಿದೆ: ‘ಮಗುವನ್ನು ಶುಚಿಗೊಳಿಸಿ, ಬಟ್ಟೆ ಬದಲಿಸಿಯೇ ಒಳಗೆ ಬನ್ನಿ.’ ಕೆಳಗೆ ನಿಮ್ಮ ಹುದ್ದೆಯ ಹೆಸರು. ಅದನ್ನು ತೆಗೆಸಿ ಎಂದು ಕೇಳಲು ಈ ಪತ್ರ. ಶುಚಿತ್ವದ ಮೇಲೆ ಈ ಮುದುಕಿಗೇನು ಸಿಟ್ಟು ಎಂದು ಹುಬ್ಬೇರಿಸಬೇಡಿ. ಕೆಲಸದಲ್ಲಿದ್ದಷ್ಟು ಕಾಲ ನಿಮ್ಮಂಥವರ ಸುತ್ತೋಲೆಗಳನ್ನೇ ಟೈಪ್ ಮಾಡಿದವಳು ನಾನು. ಗೋಡೆಯ ಮೇಲೆ ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನನ್ನ ಮೊಮ್ಮಗಳ ಕಣ್ಣಿನ ಹಳದಿ ಹುಟ್ಟಿದಾಗಿನಿಂದ ಇಳಿಯಲೇ ಇಲ್ಲ. ಮತ್ತೆ ಮತ್ತೆ ನಿಮ್ಮಲ್ಲಿಗೆ ಕರೆತಂದೆವು. ಪ್ರತಿ ಸಲವೂ ಕಾರಿಡಾರಿನ ಬೆಂಚಿನ ಮೇಲೆ ಮಲಗಿಸಿ, ಒರೆಸಿ, ಪೌಡರ್ ಹಾಕಿ, ಒಗೆದ ಲಂಗೋಟಿ ಕಟ್ಟಿದೆ.

“ಅಮ್ಮಾ, ಇದನ್ನ ಡಾಕ್ಟರಿಗೆ ತೋರಿಸೋಣ್ವಾ? ಸುಣ್ಣದ ಥರ ಬೆಳ್ಳಗಿದೆ,” ಎಂದಳು ಮಗಳು ಒಮ್ಮೆ, ಬಿಚ್ಚಿದ ಕೊಳೆ ಬಟ್ಟೆ ಹಿಡಿದು.

“ಹಾಲು ಕುಡಿಯೋ ಕೂಸಿಗೆ ಇನ್ಯಾವ ಬಣ್ಣ ಇರುತ್ತೆ? ಬೋರ್ಡ್ ಓದಿಲ್ವಾ?” ಎಂದು ಬಟ್ಟೆಯನ್ನು ಚೀಲದ ತಳಕ್ಕೆ ತುರುಕಿದೆ.

ಒಳಗೆ ಡಾಕ್ಟರು ಕೆನ್ನೆ ತಟ್ಟಿದರು. “ಎಷ್ಟು ಚೊಕ್ಕವಾಗಿ ಇಟ್ಕೊಂಡಿದ್ದೀರಿ. ಕಾಮಾಲೆ ತಾನಾಗೇ ಇಳಿಯುತ್ತೆ ಬಿಡಿ.” ನಾನು ಹಿಗ್ಗಿ ಹೀರೇಕಾಯಿಯಾದೆ. ಮಲದ ಬಣ್ಣ ಯಾವುದೆಂದು ಅವರು ಕೇಳಲಿಲ್ಲ. ಕೇಳಬೇಕೆನಿಸಲು ಅವರ ಎದುರಿಗೆ ಪೌಡರಿನ ಪರಿಮಳವಲ್ಲದೆ ಬೇರೇನಿತ್ತು?

ಕೊನೆಗೆ ಬೇರೆ ಊರಿನ ಶಸ್ತ್ರಚಿಕಿತ್ಸಕರಲ್ಲಿಗೆ ಹೋದೆವು. ಅವರು ಮೊದಲು ಕೇಳಿದ್ದೇ ಕೊಳೆ ಬಟ್ಟೆಯನ್ನು. ಬಿಚ್ಚಿ ನೋಡಿ, ಮಗುವಿನ ಹೊಟ್ಟೆ ಒತ್ತಿ ನೋಡಿದರು. ಪಿತ್ತಜನಕಾಂಗದಿಂದ ಕರುಳಿಗೆ ಪಿತ್ತ ಒಯ್ಯುವ ನಾಳ ಮುಚ್ಚಿಹೋಗಿದೆಯಂತೆ. ಮಲಕ್ಕೆ ಬಣ್ಣ ಬರುವುದೇ ಆ ಪಿತ್ತದಿಂದಂತೆ. ಹಾಳಾದ ನಾಳವನ್ನು ತೆಗೆದು, ಕರುಳನ್ನೇ ನೇರವಾಗಿ ಪಿತ್ತಜನಕಾಂಗಕ್ಕೆ ಹೊಲಿಯಬೇಕೆಂದರು. “ಎರಡು ತಿಂಗಳೊಳಗೆ ಬಂದಿದ್ರೆ ಚೆನ್ನಾಗಿತ್ತಮ್ಮ.” ಮಗುವಿಗೆ ಆಗಲೇ ನಾಲ್ಕು ತಿಂಗಳು ದಾಟಿತ್ತು.

ಹೊಲಿದರು. ಆಮೇಲೆ ನಾವು ದೇವರಲ್ಲಿ ಬೇಡಿದ್ದೇನು ಬಲ್ಲಿರಾ? ಹಳದಿ ಕಕ್ಕ. ನಗಬೇಕೆನಿಸಿದರೆ ನಗಿ. ಪ್ರತಿ ಲಂಗೋಟಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಒಮ್ಮೆ ಅಂಚಿನಲ್ಲಿ ತುಸು ಹಳದಿ ಕಂಡು ಮಗಳು ಓಡಿಹೋಗಿ ನರ್ಸನ್ನು ಕರೆತಂದಳು. ಅದು ಔಷಧಿಯ ಕಲೆ. ಹೊಲಿದದ್ದು ಫಲಿಸಲಿಲ್ಲ; ಬೇರೆಯವರ ಪಿತ್ತಜನಕಾಂಗ ಕೂರಿಸುವವರೆಗೆ ಆ ಪುಟ್ಟ ಮೈ ತಡೆಯಲಿಲ್ಲ. ನಮ್ಮ ಕೂಸು ಹೋಯಿತು.

‘ಪರಿಶೀಲನೆಯಲ್ಲಿದೆ’ ಎಂದು ಉತ್ತರಿಸಬೇಡಿ. ಆ ಸಾಲನ್ನು ಟೈಪ್ ಮಾಡಿ ಮಾಡಿ ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಫಲಕ ಇಳಿಸಿ. ಅದೇ ಮೊಳೆಗೆ ಕೂಸುಗಳ ಮಲದ ಬಣ್ಣಗಳ ಚಿತ್ರ ತೂಗುಹಾಕಿ, ಯಾವ ಬಣ್ಣ ಕಂಡರೆ ಓಡಿಬರಬೇಕೆಂದು ತಿಳಿಸಿ. ಕೆಳಗೆ ದಪ್ಪಕ್ಷರದಲ್ಲಿ ಬರೆಸಿ: ‘ಕೊಳೆ ಬಟ್ಟೆಯನ್ನೂ ತೋರಿಸಿ.’ ಅಸಹ್ಯವೆನಿಸುತ್ತದೆಯೇ? ಹಾಗಾದರೆ ನಮ್ಮ ಮನೆಗೆ ಬನ್ನಿ. ಮಗಳು ಆ ಲಂಗೋಟಿಗಳನ್ನೆಲ್ಲ ಕಪಾಟಿನಲ್ಲಿ ಮಡಚಿಟ್ಟಿದ್ದಾಳೆ. ಒಂದರಲ್ಲೂ ಮಗುವಿನ ಮಲದ ಹಳದಿ ಕಲೆಯಿಲ್ಲ. ಅದು ನಾನು ಚೆನ್ನಾಗಿ ಒಗೆದದ್ದರಿಂದಲ್ಲ.

ಇಂತಿ,
ನಿಮ್ಮ ಫಲಕದ ಮಾತು ಮೀರದ
ಒಬ್ಬ ಅಜ್ಜಿ